ಶೈತ್ಯಾಗಾರದಲ್ಲಿಟ್ಟ ಸಿಗಡಿ ಕೆಡುವುದೇಕೆ?



ಕುಂದಾಪುರದ ಕಡೆಯವರು ಚಟ್ಲಿ ಅನ್ನುತ್ತಾರೆ, ಉತ್ತರ ಕನ್ನಡದವರು ಶೆಟ್ಲಿ ಅನ್ನುತ್ತಾರೆ, ತುಳುವಿನಲ್ಲಿ ಅದು ಎಟ್ಟಿ. ಪುಸ್ತಕದ ಮಾತಿನಲ್ಲಿ ಸಿಗಡಿ. ಹೆಸರು ಯಾವುದಾದರೂ ಆಗಲಿ, ನಮ್ಮ ಬಲೆಗೂ ಕೆರೆಗೂ ಒಳ್ಳೆಯ ಬೆಲೆ ತರುವ ಸರಕು ಇದು. ಇದರ ವಿಷಯವಾಗಿ ಈ ದಿನ ನಾಲ್ಕು ಮಾತು ಆಡೋಣ.

ನೀವು ಸಿಗಡಿಯನ್ನು ಕಾರ್ಖಾನೆಗೆ ಕೊಟ್ಟಿರಿ ಎನ್ನಿ. ಅಲ್ಲಿ ಅದನ್ನು ಹೆಪ್ಪುಗಟ್ಟಿಸಿ, ಪೆಟ್ಟಿಗೆಗೆ ತುಂಬಿ, ಶೈತ್ಯಾಗಾರದಲ್ಲಿ ಇಟ್ಟರು. ಮೂರು ನಾಲ್ಕು ತಿಂಗಳು ಕಳೆಯಿತು. ಸಮುದ್ರದಾಚೆಯ ಯಾವುದೋ ಊರಿನಲ್ಲಿ ಪೆಟ್ಟಿಗೆ ಬಿಚ್ಚಿದರು. ಒಂದರಲ್ಲಿ ಸಿಗಡಿಯ ಮೈಮೇಲೆ ಕಪ್ಪು ಚುಕ್ಕೆ. ಇನ್ನೊಂದರಲ್ಲಿ ಸುಣ್ಣ ಬಳಿದ ಹಾಗೆ ಬೆಳ್ಳನೆಯ ಮಚ್ಚೆ. ಮತ್ತೊಂದನ್ನು ಕರಗಿಸಿದರೆ ಬರೀ ನೀರು. ಬೇಯಿಸಿದರೆ ರಬ್ಬರಿನ ಹಾಗೆ ಹಲ್ಲಿಗೆ ಸಿಕ್ಕುತ್ತದೆ. ಕೊಂಡವನು ಸುಮ್ಮನಿರುತ್ತಾನೆಯೆ? ಬೆಲೆ ಕಡಿಮೆ ಮಾಡುತ್ತಾನೆ, ಇಲ್ಲವೆ ಸರಕನ್ನೇ ಹಿಂದಕ್ಕೆ ಕಳಿಸುತ್ತಾನೆ. ಕಾರ್ಖಾನೆಯವರು ದಲ್ಲಾಳಿಯ ಬೆಲೆ ಇಳಿಸುತ್ತಾರೆ, ದಲ್ಲಾಳಿ ಬೋಟಿನವರ ಬೆಲೆ ಇಳಿಸುತ್ತಾನೆ. ಬೋಟಿನ ಗಳಿಕೆ ಇಳಿದರೆ ಬಲೆ ಎಳೆದವರ ಪಾಲೂ ಇಳಿಯಿತು. ಕೆರೆಯ ದಂಡೆಯ ರೈತನಿಗೂ ಸಿಗಡಿ ಸುಲಿಯುವ ಹೆಣ್ಣುಮಕ್ಕಳಿಗೂ ಅದೇ ಪೆಟ್ಟು ತಟ್ಟುತ್ತದೆ.

“ಮಂಜಿನಂಥ ಕೋಣೆಯಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗಿದ್ದ ಮೇಲೆ ಅದು ಕೆಡುವುದಾದರೂ ಹೇಗೆ? ಅವರೇ ಏನೋ ಎಡವಟ್ಟು ಮಾಡಿದ್ದಾರೆ” ಅಂತ ನೀವು ಕೇಳಬಹುದು. ಅವರು ಮಾಡುವ ಎಡವಟ್ಟುಗಳೂ ಉಂಟು, ಅದನ್ನೂ ಹೇಳುತ್ತೇನೆ. ಆದರೆ ಶೈತ್ಯಾಗಾರದಲ್ಲಿ ಕಣ್ಣಿಗೆ ಬೀಳುವ ದೋಷಗಳಲ್ಲಿ ಹಲವು ಹುಟ್ಟುವುದು ಶೈತ್ಯಾಗಾರದಲ್ಲಲ್ಲ. ಅವು ಬೋಟಿನ ಹಲಗೆಯ ಮೇಲೆ, ಕೆರೆಯ ದಂಡೆಯ ಮೇಲೆ, ಮೊದಲ ಕೆಲವು ಗಂಟೆಗಳಲ್ಲೇ ಹುಟ್ಟಿಬಿಡುತ್ತವೆ.

ಈ ಕಸುಬು ಬಂದ ಬಗೆ

ಹಿಂದೆ ಸಿಗಡಿ ಅಂದರೆ ಒಣಗಿಸುವ ಸರಕು. ತಿಂದು ಉಳಿದದ್ದನ್ನು ಮರಳ ಮೇಲೆ ಹರವಿ ಒಣಗಿಸುತ್ತಿದ್ದರು. ೧೯೫೩ರಲ್ಲಿ ಕೊಚ್ಚಿಯಿಂದ ಹೆಪ್ಪುಗಟ್ಟಿಸಿದ ಸಿಗಡಿ ಅಮೆರಿಕಕ್ಕೆ ಹೋಯಿತು. ಅಲ್ಲಿಂದ ಈಚೆಗೆ ಈ ಕಸುಬಿನ ದಿಕ್ಕೇ ಬದಲಾಯಿತು. ೧೯೫೭ರಲ್ಲಿ ಕೊಚ್ಚಿಯಲ್ಲಿ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಹುಟ್ಟಿತು. ೧೯೬೯ರಲ್ಲಿ ನಮ್ಮ ಮಂಗಳೂರಿನಲ್ಲೇ ಮೀನುಗಾರಿಕಾ ಕಾಲೇಜು ಬಂತು. ೧೯೭೨ರಲ್ಲಿ ಸಾಗರೋತ್ಪನ್ನಗಳ ರಫ್ತು ಅಭಿವೃದ್ಧಿ ಪ್ರಾಧಿಕಾರ ಬಂತು. ೨೦೦೯ರಲ್ಲಿ ವನ್ನಾಮಿ ಸಿಗಡಿಯನ್ನು ಸಾಕಲು ಸರಕಾರ ಅನುಮತಿ ಕೊಟ್ಟ ಮೇಲೆ ಕೆರೆಯ ಸಿಗಡಿಯೇ ಮುಂದೆ ಬಂತು. ಈಗ ನಮ್ಮ ದೇಶ ಹೊರಗೆ ಕಳಿಸುವ ಸಾಗರೋತ್ಪನ್ನಗಳ ಬೆಲೆಯನ್ನೆಲ್ಲ ಕೂಡಿಸಿದರೆ ಅರ್ಧಕ್ಕಿಂತ ಹೆಚ್ಚು ಹೆಪ್ಪುಗಟ್ಟಿಸಿದ ಸಿಗಡಿಯದೇ ಆಗುತ್ತದೆ.

ಇಷ್ಟು ದೊಡ್ಡ ವ್ಯಾಪಾರ ನಂಬಿಕೆಯ ಮೇಲೆ ನಿಂತಿದೆ. ನಂಬಿಕೆ ಹೋದರೆ ಏನಾಗುತ್ತದೆ ಎಂಬುದನ್ನು ೧೯೯೭ರಲ್ಲಿ ಕಂಡಿದ್ದೇವೆ. ಆ ವರ್ಷ ಯುರೋಪಿನ ಒಕ್ಕೂಟ, ಸಂಸ್ಕರಣೆಯಲ್ಲಿ ಚೊಕ್ಕಟತನ ಸಾಲದು ಎಂದು ಹೇಳಿ, ನಮ್ಮ ದೇಶದ ಮೀನು ಸಿಗಡಿಗಳನ್ನು ಕೆಲವು ತಿಂಗಳ ಕಾಲ ತಡೆಹಿಡಿಯಿತು. ಕಾರ್ಖಾನೆಗಳನ್ನು ಸರಿಪಡಿಸಿಕೊಂಡ ಮೇಲೇ ಬಾಗಿಲು ಮತ್ತೆ ತೆರೆದದ್ದು.

ಚಳಿ ಮಾಡುವುದೇನು, ಮಾಡದೆ ಇರುವುದೇನು?

ಸಿಗಡಿಯ ಮಾಂಸದಲ್ಲಿ ನೂರಕ್ಕೆ ಎಪ್ಪತ್ತೈದು ಎಂಬತ್ತು ಪಾಲು ನೀರೇ. ಅದನ್ನು ತಣ್ಣಗೆ ಮಾಡುತ್ತ ಹೋದರೆ ಸೊನ್ನೆ ಡಿಗ್ರಿಗಿಂತ ಒಂದೆರಡು ಡಿಗ್ರಿ ಕೆಳಗೆ ಈ ನೀರು ಹರಳುಗಟ್ಟಲು ಆರಂಭಿಸುತ್ತದೆ. ಸೊನ್ನೆಗಿಂತ ೫ ಡಿಗ್ರಿ ಕೆಳಗೆ ಹೋಗುವಷ್ಟರಲ್ಲಿ ನೀರಿನ ಬಹುಪಾಲು ಹರಳಾಗಿರುತ್ತದೆ. ಇನ್ನೂ ಕೆಳಗೆ, ಸೊನ್ನೆಗಿಂತ ೧೮ ಡಿಗ್ರಿ ಕೆಳಗೆ ಇಳಿಸಿ, ಅಲ್ಲೇ ನಿಲ್ಲಿಸಿಡಬೇಕು. ಸಿಗಡಿಯ ನಟ್ಟನಡುವಿನವರೆಗೂ ಆ ಚಳಿ ಮುಟ್ಟಿದ ಮೇಲೇ ಹೆಪ್ಪುಗಟ್ಟಿಸುವ ಕೆಲಸ ಮುಗಿಯಿತೆಂದು ಅಂತರರಾಷ್ಟ್ರೀಯ ಆಹಾರ ನಿಯಮ ಹೇಳುತ್ತದೆ. ಮೇಲೆ ಮುಟ್ಟಿ ಗಟ್ಟಿಯಾಯಿತು ಅಂದರೆ ಸಾಲದು.

ಹೀಗೆ ಮಾಡಿದಾಗ ಕೊಳೆಸುವ ಸೂಕ್ಷ್ಮಜೀವಿಗಳು ಬೆಳೆಯುವುದನ್ನು ನಿಲ್ಲಿಸುತ್ತವೆ. ಆದರೆ ಎಲ್ಲವೂ ಸಾಯುವುದಿಲ್ಲ. ಕೆಲವು ಸಾಯುತ್ತವೆ, ಉಳಿದವು ನಿದ್ದೆ ಹೋಗುತ್ತವೆ. ಸಿಗಡಿ ಕರಗಿದ ಕೂಡಲೆ ಎದ್ದು ಕೆಲಸಕ್ಕೆ ತೊಡಗುತ್ತವೆ. ಸಿಗಡಿಯ ಮೈಯೊಳಗೆ ಕಿಣ್ವಗಳೆಂಬ ಪದಾರ್ಥಗಳೂ ಉಂಟು. ಬದುಕಿದ್ದಾಗ ಅವು ಅದಕ್ಕೆ ಬೇಕಾದ ಕೆಲಸ ಮಾಡುತ್ತವೆ, ಸತ್ತ ಮೇಲೆ ಅದರ ಮೈಯನ್ನೇ ಕೆಡಿಸುತ್ತವೆ. ಚಳಿಯಲ್ಲಿ ಇವುಗಳ ಕೆಲಸ ನಿಧಾನವಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಗಾಳಿಯಲ್ಲಿರುವ ಆಮ್ಲಜನಕವೂ ತನ್ನ ಕೆಲಸ ನಿಲ್ಲಿಸುವುದಿಲ್ಲ.

ಅಂದಮೇಲೆ ಶೈತ್ಯಾಗಾರ ಒಂದು ಆಸ್ಪತ್ರೆಯಲ್ಲ. ಕೆಟ್ಟದ್ದನ್ನು ಒಳಗಿಟ್ಟು ಒಳ್ಳೆಯದನ್ನು ಹೊರತೆಗೆಯುವುದಕ್ಕೆ ಆಗುವುದಿಲ್ಲ. ನಾವು ಏನು ಕೊಟ್ಟೆವೋ ಅದನ್ನೇ ಅದು ಕಾಪಾಡುತ್ತದೆ, ಅದೂ ಚೆನ್ನಾಗಿ ನಡೆಸಿದರೆ ಮಾತ್ರ. ಇಷ್ಟು ಮನಸ್ಸಿನಲ್ಲಿಟ್ಟುಕೊಂಡು ಒಂದೊಂದೇ ದೋಷವನ್ನು ನೋಡೋಣ.

ಕಪ್ಪು ಚುಕ್ಕೆ

ಸಿಗಡಿಯ ತಲೆ, ಕಾಲಿನ ಬುಡ, ಬಾಲ, ಚಿಪ್ಪಿನ ಸಂದು, ಈ ಜಾಗಗಳಲ್ಲಿ ಕಪ್ಪು ಬರುವುದನ್ನು ನೀವೆಲ್ಲ ಕಂಡಿದ್ದೀರಿ. ಇದು ಕೊಳೆತದ್ದರ ಗುರುತು ಅಂತ ಕೆಲವರ ಎಣಿಕೆ. ಹಾಗಲ್ಲ. ಬದನೆಕಾಯಿ, ಬಾಳೆಕಾಯಿ ಹೆಚ್ಚಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಕಪ್ಪಾಗುತ್ತದಲ್ಲ, ಅದೇ ಜಾತಿಯ ಕೆಲಸ ಇದು. ಸಿಗಡಿಯ ಮೈಯಲ್ಲಿರುವ ಒಂದು ಕಿಣ್ವ ಗಾಳಿಯ ಆಮ್ಲಜನಕದೊಡನೆ ಕೂಡಿ ಕಪ್ಪು ಬಣ್ಣವನ್ನು ಹುಟ್ಟಿಸುತ್ತದೆ. ತಿಂದವರಿಗೆ ಇದರಿಂದ ಕೇಡಿಲ್ಲ. ಆದರೆ ಕೊಳ್ಳುವವನ ಕಣ್ಣಿಗೆ ಅದು ಹಳೆಯ ಸರಕು. ಬೆಲೆ ಬಿತ್ತು ಅಂತಲೇ ಲೆಕ್ಕ.

ಹೆಪ್ಪುಗಟ್ಟಿಸಿದರೆ ಈ ಕಿಣ್ವ ಸಾಯುವುದಿಲ್ಲ ಎಂಬುದೇ ಇಲ್ಲಿಯ ಗುಟ್ಟು. ಪೆಟ್ಟಿಗೆಗೆ ತುಂಬುವಾಗ ಸಿಗಡಿ ಚೊಕ್ಕವಾಗಿಯೇ ಕಾಣುತ್ತದೆ. ತಿಂಗಳುಗಟ್ಟಲೆ ಗಾಳಿ ತಾಗಿದ ಕಡೆ ಮೆಲ್ಲಗೆ ಕಪ್ಪು ಏರುತ್ತದೆ; ಕರಗಿಸಿ ಇಟ್ಟರಂತೂ ಬೇಗ ಏರುತ್ತದೆ. ಬೇಯಿಸಿದರೆ ಮಾತ್ರ ಕಿಣ್ವ ಸಾಯುತ್ತದೆ. ಆದ್ದರಿಂದ ಬೇಯಿಸಿ ಹೆಪ್ಪುಗಟ್ಟಿಸಿದ ಸಿಗಡಿಯಲ್ಲಿ ಈ ಕಾಟ ಕಡಿಮೆ.

ಇದನ್ನು ತಡೆಯುವುದು ಹೇಗೆ? ಬಲೆ ಮೇಲೆ ಬಂದ ಕೂಡಲೆ ಸಿಗಡಿಯನ್ನು ನೆರಳಿನಲ್ಲಿ ಆರಿಸಿ, ಶುದ್ಧ ನೀರಿನಲ್ಲಿ ತೊಳೆದು, ಐಸಿನೊಳಗೆ ಹೂತುಬಿಡಬೇಕು. ಮೇಲೊಂದು ಹಿಡಿ ಐಸು ಎರಚಿದರೆ ಹೂತಂತಾಗಲಿಲ್ಲ. ಐಸು ಕರಗಿ ಸಿಗಡಿ ಮೇಲೆ ಕಾಣಿಸಿತೋ, ಅಲ್ಲಿ ಗಾಳಿ ತಾಗಿತು, ಅಲ್ಲಿ ಕಪ್ಪಾಯಿತು. ಕಿಣ್ವಗಳು ಹೆಚ್ಚಾಗಿ ತಲೆಯ ಭಾಗದಲ್ಲಿ ಇರುತ್ತವೆ. ತಲೆ ತೆಗೆದು ಮಾರುವ ಸರಕಾದರೆ ಬೇಗ ತೆಗೆದು ಚೆನ್ನಾಗಿ ತೊಳೆಯುವುದು ಮೇಲು. ತಲೆ ತೆಗೆದು ತೊಳೆಯದೆ ಬಿಟ್ಟರೆ, ತಲೆಯ ರಸ ಮೈಗೆಲ್ಲ ಹರಡಿ ಇನ್ನೂ ಕೇಡು.

ಕೆಲವರು ಸೋಡಿಯಂ ಮೆಟಾಬೈಸಲ್ಫೈಟ್ ಎಂಬ ಪುಡಿಯನ್ನು ಬಳಸುತ್ತಾರೆ. ಅದು ಕಪ್ಪನ್ನು ತಡೆಯುತ್ತದೆ, ನಿಜ. ನೀರಿನಲ್ಲಿ ಅಳತೆಗೆ ಸರಿಯಾಗಿ ಕರಗಿಸಿ, ಸಿಗಡಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯುವುದು ಕ್ರಮ. ಅಮೆರಿಕದಲ್ಲಿ ರೂಢಿಯಲ್ಲಿರುವ ಅಳತೆ ೧೦೦ ಲೀಟರ್ ನೀರಿಗೆ ಒಂದೂಕಾಲು ಕಿಲೋ ಪುಡಿ. ಅದ್ದುವುದು ಒಂದೇ ನಿಮಿಷ. ಅಂದಾಜಿನಲ್ಲಿ ಮುಷ್ಟಿಗಟ್ಟಲೆ ಎರಚುವುದು ಎಂದಿಗೂ ಕೂಡದು. ಇದು ಮೈಗೆ ಸೇರಿದರೆ ಉಬ್ಬಸದ ರೋಗಿಗಳಿಗೆ ಅಪಾಯ ಉಂಟು. ಆದಕಾರಣ ಹಸಿ ಸಿಗಡಿಯ ತಿನ್ನುವ ಭಾಗದಲ್ಲಿ ಕಿಲೋಗೆ ೧೦೦ ಮಿಲಿಗ್ರಾಂ, ಬೇಯಿಸಿದ್ದರಲ್ಲಿ ೩೦ ಮಿಲಿಗ್ರಾಂ, ಇದಕ್ಕಿಂತ ಹೆಚ್ಚು ಇರಬಾರದೆಂದು ಅಂತರರಾಷ್ಟ್ರೀಯ ಕಟ್ಟಳೆಯಿದೆ. ಇನ್ನೊಂದು ಎಚ್ಚರಿಕೆ: ಬೋಟಿನ ಮುಚ್ಚಿದ ಉಗ್ರಾಣದೊಳಗೆ ಈ ಪುಡಿಯನ್ನು ಕಲಸಬೇಡಿ. ಅದರಿಂದ ಏಳುವ ಗಂಧಕದ ಹೊಗೆ ಉಸಿರು ಕಟ್ಟಿಸಿ ಜೀವವನ್ನೇ ತೆಗೆಯಬಲ್ಲದು. ಐಸನ್ನು ಸರಿಯಾಗಿ ಹಾಕಿದವನಿಗೆ ಈ ಪುಡಿಯ ಹಂಗು ಎಷ್ಟೋ ಕಡಿಮೆ.

ಬಿಳಿ ಮಚ್ಚೆ

ಎರಡನೆಯ ದೋಷ, ಸಿಗಡಿಯ ಮೈ ಒಣಗಿ ಬೆಳ್ಳಗಾಗುವುದು. ಬೆಂಕಿಯ ಹತ್ತಿರವೇ ಇಲ್ಲದ ಈ ಸರಕು ಸುಟ್ಟ ಹಾಗೆ ಕಾಣುವುದರಿಂದ ಕಾರ್ಖಾನೆಯವರು ಇದನ್ನು ‘ಫ್ರೀಜರ್ ಬರ್ನ್’ ಅನ್ನುತ್ತಾರೆ. ಚಳಿಯ ಸುಡುವಿಕೆ ಅಂತ ನಾವು ಕರೆಯಬಹುದು.

ಕರ್ಪೂರದ ಬಿಲ್ಲೆಯನ್ನು ತೆರೆದ ತಟ್ಟೆಯಲ್ಲಿಟ್ಟು ನೋಡಿ. ಅದು ಕರಗಿ ನೀರಾಗುವುದಿಲ್ಲ, ಹಾಗೆ ಹಾಗೆಯೇ ಗಾಳಿಗೆ ಸೇರಿ ಸವೆಯುತ್ತದೆ. ಮಂಜೂ ಹಾಗೆಯೇ. ಸೊನ್ನೆಗಿಂತ ಎಷ್ಟೇ ಕೆಳಗಿರಲಿ, ತೆರೆದಿಟ್ಟ ಮಂಜು ನೀರಾಗದೆ ಆವಿಯಾಗುತ್ತ ಹೋಗುತ್ತದೆ. ಶೈತ್ಯಾಗಾರದಲ್ಲಿ ಎಲ್ಲಕ್ಕಿಂತ ತಣ್ಣಗಿರುವುದು ಚಳಿ ಹುಟ್ಟಿಸುವ ಕೊಳವೆಗಳು. ಆವಿ ಅಲ್ಲಿಗೆ ಹೋಗಿ ಬಿಳಿ ಹಿಮವಾಗಿ ಕೂರುತ್ತದೆ. ಕೊಳವೆಯ ಮೇಲೆ ಕಾಣುವ ಆ ಹಿಮದಲ್ಲಿ ಒಂದಷ್ಟು ನಿಮ್ಮ ಸಿಗಡಿಯ ತೂಕವೇ ಅಂತ ತಿಳಿಯಿರಿ! ನೀರು ಹೋದ ಜಾಗದಲ್ಲಿ ಮಾಂಸ ಸ್ಪಂಜಿನ ಹಾಗೆ ಟೊಳ್ಳಾಗುತ್ತದೆ. ಆ ತೂತುಗಳೊಳಗೆ ಗಾಳಿ ಹೊಕ್ಕು ರುಚಿಯನ್ನೂ ಕೆಡಿಸುತ್ತದೆ. ಮತ್ತೆ ನೀರಿನಲ್ಲಿ ನೆನೆಹಾಕಿದರೆ ಅದು ಮೊದಲಿನಂತೆ ಆಗುವುದಿಲ್ಲ. ಸರಕಿನಲ್ಲಿ ನೂರಕ್ಕೆ ಹತ್ತು ಪಾಲಿಗಿಂತ ಹೆಚ್ಚು ಹೀಗೆ ಆಳವಾಗಿ ಒಣಗಿದ್ದರೆ ಅದನ್ನು ದೋಷದ ಸರಕು ಎಂದೇ ಎಣಿಸುತ್ತಾರೆ.

ಇದಕ್ಕೆ ಮದ್ದು, ಸಿಗಡಿಗೆ ಐಸಿನ ಅಂಗಿ ತೊಡಿಸುವುದು. ಹೆಪ್ಪುಗಟ್ಟಿದ ಸಿಗಡಿಯನ್ನು ಸೊನ್ನೆ ಡಿಗ್ರಿಗೆ ಹತ್ತಿರವಿರುವ ಶುದ್ಧ ನೀರಿನಲ್ಲಿ ಕ್ಷಣಕಾಲ ಅದ್ದಿದರೆ, ಅದರ ಮೇಲೆ ಗಾಜಿನಂಥ ತೆಳ್ಳನೆಯ ಪದರ ಕಟ್ಟುತ್ತದೆ. ಆಮೇಲೆ ಆವಿಯಾಗುವುದಿದ್ದರೆ ಮೊದಲು ಆ ಅಂಗಿ ಸವೆಯಲಿ, ಸಿಗಡಿ ಉಳಿಯಲಿ. ಅದರ ಮೇಲೆ ಗಾಳಿಯಾಡದ ಚೀಲ, ಅದರ ಮೇಲೆ ರಟ್ಟಿನ ಪೆಟ್ಟಿಗೆ. ಬಹುಕಾಲ ಇಡುವ ಸರಕಾದರೆ ಅಂಗಿ ಸವೆದಿದೆಯೇ ಎಂದು ನಡುನಡುವೆ ನೋಡಿ ಮತ್ತೆ ತೊಡಿಸಬೇಕು.

ಇಲ್ಲಿ ಒಂದು ಮಾತು. ಅಂಗಿ ಇರಬೇಕಾದದ್ದು ಮೈ ಕಾಯುವುದಕ್ಕೆ, ತೂಕ ಏರಿಸುವುದಕ್ಕಲ್ಲ. ಸಿಗಡಿಗಿಂತ ಐಸೇ ಹೆಚ್ಚು ಮಾರುವವರೂ ಉಂಟು. ನೀರು ಹಿಡಿದಿಡುವ ಫಾಸ್ಫೇಟ್ ಲವಣದಲ್ಲಿ ನೆನೆಸಿ ತೂಕ ಹೆಚ್ಚಿಸುವವರೂ ಉಂಟು. ಲವಣ ಅತಿಯಾದರೆ ಸಿಗಡಿ ಗಾಜಿನ ಹಾಗೆ ಮಿನುಗುತ್ತದೆ, ಬಾಯಿಗೆ ಸಾಬೂನಿನ ಜಾರುತನ ಬರುತ್ತದೆ, ಬಾಣಲೆಗೆ ಹಾಕಿದರೆ ನೀರು ಬಿಟ್ಟು ಸಣ್ಣದಾಗುತ್ತದೆ. ಕೊಂಡವನು ಒಂದು ಸಲ ಮೋಸಹೋದಾನು, ಎರಡನೆಯ ಸಲ ಆ ಊರಿನ ಸರಕನ್ನೇ ಮುಟ್ಟನು.

ನೀರು ಬಿಡುವುದು, ನಾರಾಗುವುದು

ಮೂರನೆಯ ದೋಷ ಕಣ್ಣಿಗೆ ಬೀಳುವುದಿಲ್ಲ, ಅಡಿಗೆಮನೆಯಲ್ಲಿ ಬಯಲಾಗುತ್ತದೆ. ಕರಗಿಸಿದರೆ ಸಿಗಡಿ ನೀರು ಸುರಿಸುತ್ತದೆ. ಆ ನೀರಿನೊಡನೆ ಸವಿಯೂ ಹೋಗುತ್ತದೆ. ಬೇಯಿಸಿದರೆ ಮಾಂಸ ನಾರು ನಾರು.

ಕಾರಣ ಎರಡು. ಮೊದಲನೆಯದು, ನಿಧಾನವಾಗಿ ಹೆಪ್ಪುಗಟ್ಟಿಸುವುದು. ನೀರು ಬೇಗ ಗಟ್ಟಿಯಾದರೆ ಹರಳುಗಳು ಸಣ್ಣಸಣ್ಣಗೆ, ಹಿಟ್ಟಿನ ಹಾಗೆ ಇರುತ್ತವೆ. ನಿಧಾನವಾದರೆ ಹರಳುಗಳು ಬೆಳೆದು ಕಲ್ಲುಪ್ಪಿನ ಹಾಗೆ ದೊಡ್ಡವಾಗಿ ಮಾಂಸದ ಎಳೆಗಳನ್ನು ಚುಚ್ಚಿ ಹರಿಯುತ್ತವೆ. ಸೊನ್ನೆಗಿಂತ ೧ ಡಿಗ್ರಿಯಿಂದ ೫ ಡಿಗ್ರಿ ಕೆಳಗಿನವರೆಗಿನ ದಾರಿಯನ್ನು ಓಡಿ ದಾಟಬೇಕು, ಅಲ್ಲಿ ತಂಗಬಾರದು. ಕಾರ್ಖಾನೆಯ ಪ್ಲೇಟ್ ಫ್ರೀಜರಿನಲ್ಲಿ ತಟ್ಟೆಗಳು ಸೊನ್ನೆಗಿಂತ ೩೫–೪೦ ಡಿಗ್ರಿ ಕೆಳಗಿರುತ್ತವೆ. ಎರಡು ಕಿಲೋ ತೂಕದ ಸಿಗಡಿಯ ಅಚ್ಚು ಎರಡು ಗಂಟೆಯ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಸಿಗಡಿಯನ್ನು ಸುಮ್ಮನೆ ಶೈತ್ಯಾಗಾರದೊಳಗೆ ಪೇರಿಸಿಟ್ಟು ‘ಅದೇ ಗಟ್ಟಿಯಾಗಲಿ’ ಅಂದರೆ ಗಂಟೆಯ ಕೆಲಸ ದಿನದ ಕೆಲಸವಾಗುತ್ತದೆ. ಶೈತ್ಯಾಗಾರ ಇರುವುದು ಗಟ್ಟಿಯಾದದ್ದನ್ನು ಕಾಯುವುದಕ್ಕೆ, ಗಟ್ಟಿ ಮಾಡುವುದಕ್ಕಲ್ಲ. ನಮ್ಮ ರಾಜ್ಯದಲ್ಲಿ ಜೂನ್ ೧ರಿಂದ ಜುಲೈ ೩೧ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಆಗಸ್ಟಿನಲ್ಲಿ ಬೋಟುಗಳೆಲ್ಲ ಒಟ್ಟಿಗೆ ಕಡಲಿಗಿಳಿದು ಸರಕು ರಾಶಿಯಾಗಿ ಬಂದಾಗ ಯಂತ್ರದ ಶಕ್ತಿಗೆ ಮೀರಿ ತುಂಬುವ ಆಸೆ ಬರುತ್ತದೆ. ಆ ಆಸೆಗೆ ಕಡಿವಾಣ ಹಾಕಬೇಕು.

ಎರಡನೆಯ ಕಾರಣ, ಚಳಿ ಏರಿಳಿಯುವುದು. ಹಗಲು ಬಾಗಿಲು ತೆಗೆದು ಹಾಕಿ ಮಾಡುತ್ತಾರೆ, ಕರೆಂಟು ಹೋಗುತ್ತದೆ, ಲಾರಿ ದಾರಿಯಲ್ಲಿ ಕೆಟ್ಟು ನಿಲ್ಲುತ್ತದೆ. ಉಷ್ಣತೆ ಸೊನ್ನೆಗಿಂತ ೧೮ ಕೆಳಗಿದ್ದದ್ದು ೧೦ಕ್ಕೆ ಬರುತ್ತದೆ, ಮತ್ತೆ ಇಳಿಯುತ್ತದೆ. ಸಿಗಡಿ ಕರಗಲೇ ಇಲ್ಲವಲ್ಲ, ಏನೂ ಆಗಲಿಲ್ಲ ಅಂತ ನಾವು ತಿಳಿಯುತ್ತೇವೆ. ಒಳಗೆ ಆಗುವುದೇ ಬೇರೆ. ಸಣ್ಣ ಹರಳುಗಳು ಕರಗಿ, ದೊಡ್ಡ ಹರಳುಗಳ ಮೈಗೆ ಹತ್ತಿಕೊಳ್ಳುತ್ತವೆ. ಪ್ರತಿ ಏರಿಳಿತಕ್ಕೂ ಸಣ್ಣದು ಸವೆಯುತ್ತದೆ, ದೊಡ್ಡದು ಬೆಳೆಯುತ್ತದೆ. ಬೇಗ ಹೆಪ್ಪುಗಟ್ಟಿಸಿ ಗಳಿಸಿದ ಲಾಭವೆಲ್ಲ ಹೀಗೆ ಕರಗಿಹೋಗುತ್ತದೆ. ಅದರ ಜೊತೆಗೆ ಮಾಂಸದ ಸಸಾರಜನಕ, ಈಗ ಪ್ರೋಟೀನು ಅನ್ನುತ್ತಾರಲ್ಲ, ಅದು ತನ್ನ ಗುಣ ಕಳೆದುಕೊಂಡು ನೀರನ್ನು ಹಿಡಿದಿಡಲಾರದೆ ಹೋಗುತ್ತದೆ. ನೀರು ಸುರಿಯುವುದು, ನಾರಾಗುವುದು ಇದರಿಂದಲೇ. ಚೀಲದೊಳಗೆ ಸಡಿಲವಾದ ಹಿಮದ ಪುಡಿ ಕಂಡರೆ, ಆ ಸರಕು ಏರಿಳಿತ ಕಂಡಿದೆ ಎಂದು ತಿಳಿಯಬೇಕು.

ಕಮಟು ವಾಸನೆ, ಹಳದಿ ಬಣ್ಣ

ಸಿಗಡಿಯಲ್ಲಿ ಕೊಬ್ಬು ಬಹಳ ಕಡಿಮೆ, ನೂರಕ್ಕೆ ಸುಮಾರು ಒಂದು ಪಾಲು ಅಷ್ಟೆ. ಆದರೆ ಆ ಕೊಬ್ಬು ಬಲು ಸೂಕ್ಷ್ಮ. ಗಾಳಿ ತಾಗಿದರೆ ಬೇಗ ಕೆಡುತ್ತದೆ. ಹಳೆಯ ತೆಂಗಿನೆಣ್ಣೆಗೆ ಬರುವ ಕಮಟು ನಿಮಗೆ ಗೊತ್ತು. ಅದರ ಸಂಬಂಧಿಯೇ ಇದು. ತಲೆಯಿರುವ ಸಿಗಡಿಯಲ್ಲಿ ಈ ಭಯ ಹೆಚ್ಚು, ಏಕೆಂದರೆ ಕೊಬ್ಬಿನ ಗಂಟು ಇರುವುದು ತಲೆಯಲ್ಲಿ. ಸುಲಿದ ಸಿಗಡಿಗೆ ಚಿಪ್ಪಿನ ರಕ್ಷಣೆ ಇಲ್ಲವಾದ್ದರಿಂದ ಅದೂ ಬೇಗ ಹಳದಿಗೆ ತಿರುಗುತ್ತದೆ. ಬೇಯಿಸಿದ ಸಿಗಡಿಯ ಚೆಲುವಾದ ಕೆಂಪು ಬಣ್ಣವೂ ಗಾಳಿಗೆ ಮಾಸುತ್ತದೆ. ಮದ್ದು ಹಿಂದೆ ಹೇಳಿದ್ದೇ: ಐಸಿನ ಅಂಗಿ, ಗಾಳಿಯಾಡದ ಚೀಲ, ಇನ್ನೂ ತಣ್ಣನೆಯ ಜಾಗ. ಚಳಿ ಹೆಚ್ಚಿದಷ್ಟೂ ಬಾಳಿಕೆ ಹೆಚ್ಚು.

ಹೊತ್ತು ಮೀರಿದ ಸರಕು

ಎಲ್ಲಕ್ಕಿಂತ ಕೆಟ್ಟ ದೋಷ, ಕೊಳೆಯಲು ಆರಂಭವಾದ ಸಿಗಡಿಯನ್ನು ಹೆಪ್ಪುಗಟ್ಟಿಸುವುದು. ಕರಗಿಸಿದಾಗ ನಾತ ಬರುತ್ತದೆ, ಮಾಂಸ ಮೆತ್ತಗೆ ಹಿಸುಕಿದ ಹಾಗೆ ಇರುತ್ತದೆ. ಇದಕ್ಕೆ ಮದ್ದಿಲ್ಲ. ನಾತ ಬರುವ ಮುಂಚೆಯೇ ಕೊಳೆಯುವಿಕೆಯ ಗುರುತನ್ನು ರಾಸಾಯನಿಕ ಪರೀಕ್ಷೆಯಲ್ಲಿ ಹಿಡಿಯುತ್ತಾರೆ. ಮುಚ್ಚಿಡುವುದು ಸಾಧ್ಯವಿಲ್ಲ.

ಮೀನು ಕೆಡುವ ವೇಗಕ್ಕೆ ಒಂದು ಲೆಕ್ಕ ಉಂಟು. ಸೊನ್ನೆ ಡಿಗ್ರಿಯ ಐಸಿನಲ್ಲಿ ಕೆಡುವ ವೇಗವನ್ನು ಒಂದು ಅಂತ ಇಟ್ಟುಕೊಂಡರೆ, ೧೦ ಡಿಗ್ರಿಯಲ್ಲಿ ಅದು ಸುಮಾರು ನಾಲ್ಕು ಪಟ್ಟು. ನಮ್ಮ ಬಂದರಿನ ೩೦ ಡಿಗ್ರಿ ಸೆಕೆಯಲ್ಲಿ ಇನ್ನೂ ಎಷ್ಟೋ ಪಟ್ಟು. ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ಐಸಿಲ್ಲದೆ ಬಿಟ್ಟರೆ, ಐಸಿನಲ್ಲಿ ಸಿಗಬಹುದಾಗಿದ್ದ ದಿನಗಳನ್ನೇ ಕಳೆದುಕೊಂಡ ಹಾಗೆ.

ಹಾಗಾದರೆ ಐಸು ಎಷ್ಟು ಬೇಕು? ಒಂದು ಕಿಲೋ ಸಿಗಡಿಯನ್ನು ೩೦ ಡಿಗ್ರಿಯಿಂದ ಸೊನ್ನೆಗೆ ಇಳಿಸುವುದಕ್ಕೇ ಸುಮಾರು ಮೂರನೆಯ ಒಂದು ಕಿಲೋ ಐಸು ಕರಗುತ್ತದೆ. ಹೊರಗಿನ ಬಿಸಿ ಒಳಗೆ ನುಗ್ಗುವುದನ್ನು ತಡೆಯುವುದಕ್ಕೆ ಮತ್ತಷ್ಟು ಬೇಕು. ಅದಕ್ಕೇ ಒಂದು ಕಿಲೋ ಸಿಗಡಿಗೆ ಒಂದು ಕಿಲೋ ಐಸು ಎಂಬ ಲೆಕ್ಕ. ಕೆಳಗೆ ಒಂದು ಪದರ ಐಸು, ಮೇಲೆ ಒಂದು ಪದರ ಸಿಗಡಿ, ಮತ್ತೆ ಐಸು, ಹೀಗೆ ಪೇರಿಸಿ, ಎಲ್ಲಕ್ಕೂ ಮೇಲೆ ಐಸು ಬರಬೇಕು. ಐಸಿನ ಪುಡಿ ಸಣ್ಣದಾಗಿರಲಿ. ದೊಡ್ಡ ತುಂಡುಗಳು ಸಿಗಡಿಯನ್ನು ಜಜ್ಜುತ್ತವೆ. ಕರಗಿದ ನೀರು ಹರಿದುಹೋಗಲು ಪೆಟ್ಟಿಗೆಗೆ ತೂತಿರಲಿ. ಆ ನೀರು ಕೊಳೆಯನ್ನು ತೊಳೆದುಕೊಂಡೇ ಹೋಗುತ್ತದೆ.

ಕೆರೆಯ ರೈತರಿಗೆ

ಕುಮಟಾ, ಅಂಕೋಲಾ, ಹೊನ್ನಾವರಗಳ ಕಡೆ ಗಜನಿಗಳಲ್ಲಿ, ಕೆರೆಗಳಲ್ಲಿ ಸಿಗಡಿ ಬೆಳೆಯುವವರಿಗೆ ಒಂದು ಅನುಕೂಲ ಉಂಟು. ಹಿಡಿಯುವ ಹೊತ್ತನ್ನು ನೀವೇ ಗೊತ್ತುಮಾಡಬಹುದು. ರಾತ್ರಿಯೋ ನಸುಕಿನಲ್ಲೋ ಹಿಡಿಯಿರಿ, ಬಿಸಿಲೇರಿದ ಮೇಲೆ ಬೇಡ. ಹಿಡಿಯುವ ಮುಂಚೆ ಕೆಲವು ಗಂಟೆ ಮೇವು ನಿಲ್ಲಿಸಿ. ಕರುಳು ಖಾಲಿಯಿದ್ದರೆ ಕೆಡುವುದು ನಿಧಾನ. ಬಲೆ ಬೀಸಿ ನಾಲ್ಕು ಸಿಗಡಿ ಹಿಡಿದು ಚಿಪ್ಪನ್ನು ಒತ್ತಿ ನೋಡಿ. ಪೊರೆ ಕಳಚಿ ಮೆತ್ತಗಿರುವವು ಹೆಚ್ಚಿದ್ದರೆ ಚಿಪ್ಪು ಗಟ್ಟಿಯಾಗುವವರೆಗೆ ಕಾಯಿರಿ. ಮೆತ್ತನೆಯ ಸಿಗಡಿ ಬೇಗ ಜಜ್ಜಿಹೋಗುತ್ತದೆ, ಕಪ್ಪೂ ಬೇಗ ಬರುತ್ತದೆ. ಹಿಡಿದ ಕೂಡಲೆ ಐಸು ಕಲಸಿದ ನೀರಿನಲ್ಲಿ ಮುಳುಗಿಸಿದರೆ ಒಮ್ಮೆಗೇ ತಣ್ಣಗಾಗುತ್ತದೆ. ಲಾರಿ ಬಂದ ಮೇಲೆ ಐಸು ತರಿಸೋಣ ಅಂತ ಕೂರಬೇಡಿ. ಐಸು ಬಂದ ಮೇಲೆ ಬಲೆ ಇಳಿಸಿ.

ಮರುವಾಯಿ, ನೀಲಿಕಲ್ಲು, ಬೊಂಡಾಸ್

ಸಿಗಡಿಯ ನೆಂಟರ ವಿಷಯವನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಮರುವಾಯಿ, ನೀಲಿಕಲ್ಲುಗಳು ನೀರನ್ನು ಸೋಸಿ ತಿಂದು ಬದುಕುವ ಜೀವಿಗಳು. ನೀರಿನಲ್ಲಿ ಏನಿದೆಯೋ ಅದೆಲ್ಲ ಅವುಗಳ ಹೊಟ್ಟೆಯಲ್ಲೂ ಇರುತ್ತದೆ. ಹಾಗೆಯೇ ಹೆಪ್ಪುಗಟ್ಟಿಸಿದರೆ ತಿನ್ನುವಾಗ ಮರಳು ಸಿಕ್ಕುತ್ತದೆ. ಹೊಲಸು ನೀರಿನವಾದರೆ ರೋಗಾಣುಗಳೂ ಉಳಿದಿರುತ್ತವೆ, ಚಳಿ ಅವನ್ನು ತೆಗೆಯುವುದಿಲ್ಲ. ಜೀವವಿರುವಾಗಲೇ ಶುದ್ಧವಾದ ಉಪ್ಪುನೀರಿನಲ್ಲಿ ಬಿಟ್ಟು ಹೊಟ್ಟೆ ಚೊಕ್ಕ ಮಾಡಿಕೊಳ್ಳಲು ಅವಕ್ಕೆ ಸಮಯ ಕೊಡಬೇಕು. ಹಾಗೆ ಮಾಡಿದರೂ ಎಲ್ಲ ರೋಗಾಣು ಹೋಗುವುದಿಲ್ಲವಾದ್ದರಿಂದ, ಊರಿನ ಕೊಳಚೆ ಸೇರುವ ಜಾಗದ್ದನ್ನು ಆರಿಸಲೇಬಾರದು. ಸತ್ತು ಬಾಯ್ದೆರೆದದ್ದನ್ನು ಎಸೆಯಬೇಕು. ಬೊಂಡಾಸಿನಲ್ಲಿ ಮಸಿಚೀಲ ಒಡೆದರೆ ಕಲೆ ನಿಲ್ಲುತ್ತದೆ. ಬಹುಕಾಲ ಇಟ್ಟರೆ ಬಿಳಿಯ ಮೈ ಹಳದಿಯಾಗುತ್ತದೆ. ಅಲ್ಲಿಯೂ ಅದೇ ಪಾಠ: ಬೇಗ ಚೊಕ್ಕ ಮಾಡಿ, ಬೇಗ ತಣ್ಣಗೆ ಮಾಡಿ, ಗಾಳಿ ತಾಗಿಸಬೇಡಿ.

ಅಂಗಡಿಯಿಂದ ಕೊಳ್ಳುವವರಿಗೆ

ಈಗ ಘಟ್ಟದ ಮೇಲಿನ ಊರುಗಳಲ್ಲೂ ಹೆಪ್ಪುಗಟ್ಟಿದ ಸಿಗಡಿಯ ಪೊಟ್ಟಣ ಸಿಗುತ್ತದೆ. ಕೊಳ್ಳುವ ತಾಯಂದಿರು ಇಷ್ಟು ನೋಡಲಿ. ಬಿಡಿಬಿಡಿಯಾಗಿರಬೇಕಾದ ಸಿಗಡಿ ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದರೆ, ಅದು ಒಮ್ಮೆ ಕರಗಿ ಮತ್ತೆ ಗಟ್ಟಿಯಾದದ್ದು. ಚೀಲದಲ್ಲಿ ಹಿಮದ ಪುಡಿ, ಸಿಗಡಿಯ ಮೇಲೆ ಒಣ ಬಿಳುಪು ಕಂಡರೆ ಬಿಡಿ. ಐಸು ಕಳೆದ ನಿಜವಾದ ತೂಕ ಎಷ್ಟು ಎಂದು ಚೀಟಿಯಲ್ಲಿ ಓದಿ. ಮನೆಗೆ ತಂದದ್ದನ್ನು ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟು ನಿಧಾನವಾಗಿ ಕರಗಿಸಿ, ಹೊರಗೆ ಸೆಕೆಯಲ್ಲಿ ಇಡಬೇಡಿ. ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಒಂದು ಊಟಕ್ಕೆ ಬೇಕಾದಷ್ಟನ್ನೇ ತೆಗೆಯಿರಿ.

ಕೊನೆಗೆ ನೆನಪಿನಲ್ಲಿಡಲು

ಹೇಳಿದ್ದನ್ನೆಲ್ಲ ಗುಡ್ಡೆ ಹಾಕಿದರೆ ಇಷ್ಟಾಗುತ್ತದೆ. ಬೋಟಿನವರು: ನೆರಳು, ಶುದ್ಧ ನೀರು, ಕಿಲೋಗೆ ಕಿಲೋ ಐಸು. ಕೆರೆಯವರು: ತಂಪು ಹೊತ್ತಿನಲ್ಲಿ ಕೊಯ್ಲು, ಗಟ್ಟಿ ಚಿಪ್ಪು, ಮೊದಲೇ ತಂದಿಟ್ಟ ಐಸು. ಸುಲಿಯುವ ಶೆಡ್ಡಿನವರು: ಒಮ್ಮೆಗೆ ಸ್ವಲ್ಪವೇ ಹೊರತೆಗೆದು, ಉಳಿದದ್ದು ಐಸಿನಲ್ಲೇ ಇರಲಿ, ಕೈ, ಬೋಗುಣಿ, ನೆಲ ಚೊಕ್ಕವಾಗಿರಲಿ. ಕಾರ್ಖಾನೆಯವರು: ಬೇಗ ಹೆಪ್ಪು, ತೆಳ್ಳನೆಯ ಐಸಿನ ಅಂಗಿ, ಗಾಳಿಯಾಡದ ಚೀಲ. ಶೈತ್ಯಾಗಾರದವರು, ಲಾರಿಯವರು: ಸೊನ್ನೆಗಿಂತ ೧೮ ಡಿಗ್ರಿ ಕೆಳಗೆ, ಏರದ ಹಾಗೆ, ಹಗಲೂ ರಾತ್ರಿಯೂ.

ಇದರಲ್ಲಿ ಯಾರೊಬ್ಬರು ತಪ್ಪಿದರೂ ಉಳಿದವರ ದುಡಿಮೆ ನೀರುಪಾಲು. ಆದರೆ ಮೊದಲ ಕೊಂಡಿ ನಿಮ್ಮ ಕೈಯಲ್ಲಿದೆ. ಬಲೆಯಿಂದ ತೆಗೆದ ಆ ಮೊದಲ ಗಂಟೆಯಲ್ಲಿ ಉಳಿಸಿದ ಹೊಸತನವನ್ನು ಮುಂದೆ ಯಾರು ಬೇಕಾದರೂ ಕಾಯಬಹುದು. ಆ ಗಂಟೆಯಲ್ಲಿ ಕಳೆದದ್ದನ್ನು ಯಾವ ಯಂತ್ರವೂ ತಂದುಕೊಡಲಾರದು. ಮುಂದಿನ ಸಲ ಕಡಲಿಗೆ ಹೊರಡುವಾಗ ಡೀಸೆಲನ್ನು ಎಷ್ಟು ಎಚ್ಚರದಿಂದ ಲೆಕ್ಕ ಹಾಕುತ್ತೀರೋ, ಐಸನ್ನೂ ಅಷ್ಟೇ ಎಚ್ಚರದಿಂದ ಲೆಕ್ಕ ಹಾಕಿ ತುಂಬಿಕೊಳ್ಳಿ.